ಪತ್ತೇದಾರನಿಗೆ ಸಿಕ್ಕ ಅಕ್ಕ

ನಮ್ಮ ಭಾವನವರು ಕೊಲೆ ಮಾಡಿಸುತ್ತಿದ್ದುದು ಬೆಳಗಿನ ಹೊತ್ತು, ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡ ಮೇಲೆ. ಪಡಸಾಲೆಯ ಮೂಲೆಯಲ್ಲಿ ಡೆಸ್ಕಿನ ಮುಂದೆ ಕೂತರೆಂದರೆ ಯಾರೋ ಒಬ್ಬ ಜಮೀನುದಾರನ ಹಾಲಿನಲ್ಲಿ ವಿಷ ಬೀಳುತ್ತಿತ್ತು, ಇಲ್ಲವೇ ಯಾವುದೋ ಕೋಟೆಯ ಸುರಂಗದಿಂದ ಚೀರಾಟ ಕೇಳುತ್ತಿತ್ತು. ಆಮೇಲೆ ಎರಡು ರೊಟ್ಟಿ ತಿಂದು, ಕೋಟು ತೊಟ್ಟು, ಸೈಕಲ್ಲು ಹತ್ತಿ ಲೆಕ್ಕಪತ್ರದ ಕಚೇರಿಗೆ ಹೋಗುತ್ತಿದ್ದರು. ಅಷ್ಟು ಸಾಧು ಮನುಷ್ಯ ಅಷ್ಟು ರಕ್ತ ಹರಿಸುತ್ತಾರೆಂದು ನಾಗಪುರದ ಧರಮಪೇಠದ ಆ ಓಣಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಅವರು ಬರೆಯುತ್ತಿದ್ದುದು ಕನ್ನಡದಲ್ಲಿ, ಓಣಿ ಓದುತ್ತಿದ್ದುದು ಮರಾಠಿಯಲ್ಲಿ.

ಐವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಧಾರವಾಡದ ಕಡೆಯಿಂದ ನಾಗಪುರದ ಆ ಮನೆಗೆ ಬಂದೆ. ನಮ್ಮವರ ಅಣ್ಣನಾದ ಭಾವನವರು, ಅವರ ಹೆಂಡತಿ, ಅವರಿಬ್ಬರ ಒಬ್ಬಳೇ ಮಗಳು, ನಮ್ಮವರು, ನಾನು. ನಮ್ಮವರು ರೇಲ್ವೆಯಲ್ಲಿ ಗಾರ್ಡು. ತಿಂಗಳ ಅರ್ಧದಷ್ಟು ದಿನ ರೈಲಿನಲ್ಲೇ ಇರುತ್ತಿದ್ದರು. ಭಾವನವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ನಾಗಪುರದಲ್ಲೇ ಹುಟ್ಟಿ ಬೆಳೆದ ಮಗಳು ನನ್ನನ್ನು ಚಿಕ್ಕವ್ವ ಎನ್ನದೆ ಮರಾಠಿಯವರ ಹಾಗೆ ಕಾಕು ಎಂದು ಕರೆಯುತ್ತಿದ್ದಳು.

ಭಾವನವರ ಪತ್ತೇದಾರಿ ಮಾಲೆಯ ಆರು ಪುಸ್ತಕಗಳು ಆಗಲೇ ಹುಬ್ಬಳ್ಳಿಯಲ್ಲಿ ಅಚ್ಚಾಗಿದ್ದವು. ಗದಗ, ವಿಜಾಪುರದ ಕಡೆಯಿಂದ ಓದುಗರ ಕಾರ್ಡುಗಳು ಬರುತ್ತಿದ್ದವು. ಆದರೆ ದೀಪದ ಬುಡದಲ್ಲೇ ಕತ್ತಲೆ. ಅಕ್ಕನಿಗೆ ಕೊಲೆ ಅಂದರೆ ಆಗದು. ನಮ್ಮವರು ಕೊನೆಯ ಪುಟ ಮೊದಲು ಓದಿ, ಕಳ್ಳ ಯಾರೆಂದು ಊಟದ ಹೊತ್ತಿಗೆ ಹೇಳಿಬಿಡುತ್ತಿದ್ದರು. ಇನ್ನು ಮಗಳು ಮರಾಠಿ ಶಾಲೆಗೆ ಹೋಗುವವಳು. ಮನೆಯಲ್ಲಿ ಪಟಪಟ ಕನ್ನಡ ಮಾತಾಡುತ್ತಿದ್ದಳು, ಅಕ್ಷರ ಮಾತ್ರ ಒಂದೂ ಬಾರದು. ಭಾವನವರು ವಿಜಯದಶಮಿಯ ದಿನ ಸ್ಲೇಟು ಹಿಡಿದು ಕೂಡಿಸಲು ನೋಡಿದರು. ಆಕೆ ಎರಡು ದಿನ ಕೂತಳು, ಮೂರನೆಯ ದಿನ ಕೇಳಿದಳು:

"ಅಪ್ಪಾ, ಇಡೀ ನಾಗಪುರದಾಗ ಈ ಅಕ್ಷರದ್ದು ಒಂದರ ಬೋರ್ಡ್ ಐತೇನು? ಮತ್ತ ನಾ ಇದನ್ನ ಎಲ್ಲಿ ಓದ್ಲಿ?"

ಭಾವನವರು ಸ್ಲೇಟು ತೆಗೆದಿಟ್ಟರು. ಆ ಸಂಜೆ ಅಕ್ಕನ ಮುಂದೆ, "ಊರವರೆಲ್ಲಾ ಓದ್ತಾರ. ನನ್ನ ಮಗಳಿಗೆ ಮಾತ್ರ ನಾ ಬರೇ ಹಿಸೇಬಿನ ಗುಮಾಸ್ತ," ಎಂದದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸಿತು. ತಮ್ಮ ಪುಸ್ತಕವನ್ನು ತಮ್ಮ ಮಗಳು ಒಮ್ಮೆ ಓದಬೇಕು: ಆ ಮನುಷ್ಯನಿಗೆ ಇದ್ದ ಆಸೆ ಇಷ್ಟೇ. ನನಗೆ ಕೆಟ್ಟೆನಿಸಿತು, ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಹಿಟ್ಟಿನ ಮೇಲೆ ತೀರಿಸಿಕೊಂಡೆ. ಆ ದಿನದ ರೊಟ್ಟಿ ಭಾರಿ ತೆಳ್ಳಗೆ ಬಂದವು.

ದಾರಿ ತೋರಿಸಿದ್ದು ರೈಲು. ಮೊದಲನೇ ದರ್ಜೆಯ ಡಬ್ಬಿಯಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಯೊಂದನ್ನು ನಮ್ಮವರು ತಂದಿದ್ದರು. ಅದರ ಒಂದು ಪುಟದ ತುಂಬ ಚೌಕಗಳು, ಚೌಕಗಳಲ್ಲಿ ಚಿತ್ರಗಳು, ಚಿತ್ರದವರ ಬಾಯಿಂದ ಹೊರಟ ಬಲೂನಿನಂಥ ಫುಗ್ಗಾದೊಳಗೆ ಅವರ ಮಾತು. ಇಂಗ್ಲಿಷಿನ ಒಂದಕ್ಷರ ಬಾರದ ನಾನೂ ಆ ಹುಡುಗಿಯೂ ಅದನ್ನು ನೆಲದ ಮೇಲೆ ಹಾಸಿಕೊಂಡು ಕೂತು ಇಡೀ ಕಥೆ ತಿಳಿದುಕೊಂಡೆವು. ಯಾರು ಒಳ್ಳೆಯವನು, ಯಾರು ಕೆಟ್ಟವನು, ಕುದುರೆ ಯಾಕೆ ಓಡಿತು, ಎಲ್ಲ ತಿಳಿಯಿತು. ನನಗೆ ಚಿತ್ರ ಬಿಡಿಸುವ ಹುಚ್ಚು ಮೊದಲಿಂದಲೂ ಇತ್ತು. ಭಾವನವರ ಮೊದಲ ಪುಸ್ತಕವನ್ನು ಹೀಗೇ ಚೌಕಕ್ಕೆ ಇಳಿಸಿದರೆ ಹೇಗೆ ಎಂದು ಅಲ್ಲೇ ಹೊಳೆಯಿತು.

ನಮ್ಮವರಿಗೆ ಹೇಳಿ ಗಾಂಧಿಬಾಗಿನ ಪೇಟೆಯಿಂದ ಒಂದು ದಿಸ್ತೆ ದಪ್ಪ ಕಾಗದ ತರಿಸಿದೆ. ಭಾವನವರ ಹಳೆಯ ಬರೆಯುವ ಟಾಕು, ಮಸಿಯ ದೌತಿ ನನ್ನ ಪಾಲಿಗೆ ಬಂದವು. ಚೌಕಾಬಾರದ ಹಲಗೆಯ ಹಾಗೆ ಗೆರೆ ಎಳೆದು, ಒಂದೊಂದು ಚೌಕವನ್ನೂ ಮನೆ ಎಂದೇ ಕರೆದೆವು. ಚಿತ್ರ ಬರೆಯುವುದು ಸುಲಭವೆಂದು ಕುಳಿತ ಮೇಲೆ ಕಷ್ಟ ಗೊತ್ತಾಯಿತು. ನನಗೆ ಮುಖ ಬರುತ್ತಿತ್ತು, ಸೀರೆಯ ನೆರಿಗೆ ಬರುತ್ತಿತ್ತು, ಕುದುರೆಯೂ ನಡೆದೀತು ಎನ್ನುವಷ್ಟು ಬರುತ್ತಿತ್ತು. ಮನುಷ್ಯರ ಪಾದ ಮಾತ್ರ ಬರುತ್ತಿರಲಿಲ್ಲ. ಹೇಗೆ ಬರೆದರೂ ಗೆಣಸು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲದ ಮೇಲೆ ಹುಲ್ಲು ಬೆಳೆಸಿದೆ. ಪತ್ತೇದಾರ ಎಲ್ಲಿ ನಿಂತರೂ ಅವನ ಮೊಣಕಾಲಿನತನಕ ಹುಲ್ಲು. "ಕಾಕು, ಕೋರ್ಟಿನಾಗೂ ಹುಲ್ಲು ಬೆಳೀತೈತಿ?" ಎಂದು ಹುಡುಗಿ ಕೇಳಿದಳು. "ಹಳೇ ಕೋರ್ಟದು," ಎಂದೆ.

ಆದರೆ ದೊಡ್ಡ ತೊಡಕು ಪಾದದ್ದಲ್ಲ, ಪದ್ಧತಿಯದು. ಗಂಡನ ಅಣ್ಣನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅವರೂ ನನ್ನೊಡನೆ ನೇರ ಮಾತಾಡುತ್ತಿರಲಿಲ್ಲ. ಬರೆದವರು ಪಡಸಾಲೆಯಲ್ಲಿ, ಚಿತ್ರಕ್ಕೆ ಇಳಿಸುವವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ, ನಡುವೆ ಮೆಂತ್ಯೆ ಸೊಪ್ಪು ಸೋಸುತ್ತ ಅಕ್ಕ. ಕಥೆಯ ಜಗಳವೆಲ್ಲ ಆಕೆಯ ಮೂಲಕವೇ ಹಾಯಬೇಕು.

"ಆಕಿಗೆ ಕೇಳು, ಕಾರ್ಗತ್ತಲಿ ರಾತ್ರಿ ಬಗ್ಗೆ ನಾ ಇಡೀ ಅಧ್ಯಾಯ ಬರದೀನಿ. ಒಂದು ಮನಿಯಾಗ ಮಸಿ ಬಳದು ಬಿಟ್ಟಾಳಲ್ಲ?"

"ಅಕ್ಕಾ, ಅವರಿಗೆ ಹೇಳ್ರಿ, ಮಸಿ ಒಂದ ಅಲ್ಲ, ನಡುವ ಎರಡು ಕಣ್ಣು ಅದಾವ. ಕತ್ತಲಾಗ ಮತ್ತೇನು ಕಾಣಬೇಕು?"

ಅಕ್ಕ ಮೊದಮೊದಲು ಪ್ರತಿ ಮಾತನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದಳು. ಆಮೇಲೆ, "ಇಬ್ಬರಿಗೂ ಕಿವಿ ಅದಾವ, ನನ್ನನ್ಯಾಕ ಗೋಳಾಡಸ್ತೀರಿ," ಎಂದು ಸೊಪ್ಪಿನ ಕಡೆಗೇ ತಲೆ ಬಗ್ಗಿಸಿದಳು. ಆದರೂ ನಾವಿಬ್ಬರೂ ಆಕೆಯನ್ನು ನಡುವೆ ಇಟ್ಟುಕೊಂಡೇ ವಾದ ಮಾಡಿದೆವು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಬರೆದವರಿಗೆ ಅವರ ವಾಕ್ಯಗಳೂ ಹಾಗೇ. ಪತ್ತೇದಾರ ಯೋಚನೆ ಮಾಡುವುದನ್ನು ಅವರು ನಾಲ್ಕು ಪುಟ ಬರೆದಿದ್ದರು; ನಾನು ಅವನು ಕಿವಿ ತುರಿಸಿಕೊಳ್ಳುವ ಒಂದು ಚಿತ್ರ ಹಾಕಿದೆ. "ಗರುಡನಂಥ ಮೂಗು" ಎಂದು ಬರೆದಿದ್ದರು. ನಾನು ನಂಬಿ ಗರುಡನ ಮೂಗನ್ನೇ ಇಟ್ಟೆ, ಹುಡುಗಿ ನೋಡಿ ಗಿಳಿ ಎಂದಳು, ಕೆರೆದು ಸಣ್ಣದು ಮಾಡಿದೆ.

ಕೋಟೆಯ ಅಧ್ಯಾಯಕ್ಕೆ ಬಂದಾಗ ಕಟ್ಟೆ ಒಡೆಯಿತು. ಕೋಟೆಯ ಬುರುಜು, ಕಂದಕ, ದಿಡ್ಡಿ ಬಾಗಿಲು ಎಂದು ಭಾವನವರು ಪುಟಗಟ್ಟಲೆ ವರ್ಣಿಸಿದ್ದರು. ನಾನು ಒಂದು ಗೋಡೆ ಎಳೆದು ಮುಂದೆ ಹುಲ್ಲು ಹಾಕಿ ಮುಗಿಸಿದ್ದೆ. ಹಾಳೆ ಹಿಡಿದವರೇ ಅವರು ಎದ್ದು ಅಡುಗೆಮನೆಯ ಹೊಸ್ತಿಲಿಗೆ ಬಂದು ನನ್ನ ಮುಖಕ್ಕೆ ನೇರ ಕೇಳಿದರು:

"ಏನವಾ, ನನ್ನ ಬುರುಜು ಎಲ್ಲಿ ಹೋತು?"

"ಹುಲ್ಲಿನ ಹಿಂದ ಐತ್ರಿ," ಎಂದುಬಿಟ್ಟೆ.

ಅವರಿಗೆ ತಾವೇನು ಮಾಡಿದೆವೆಂದು ಆಗ ಗೊತ್ತಾಯಿತು, ನನಗೂ. ಮೊದಲು ನಕ್ಕವಳು ಅಕ್ಕ. ಸೊಪ್ಪಿನ ಬುಟ್ಟಿ ಪಕ್ಕಕ್ಕೆ ಸರಿಸಿ, "ಶಿವನೇ, ನನಗ ಬಿಡುಗಡೆ ಆತು!" ಎಂದಳು. ಭಾವನವರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ನಾವು ಎದುರೆದುರು ಕೂತು ಮನಸಾರೆ ಜಗಳಾಡಿದೆವು. ನನ್ನ ಜೀವನದಲ್ಲಿ ಅಷ್ಟು ಸುಖದ ಜಗಳ ಮತ್ತೆ ಯಾರೊಡನೆಯೂ ಆಗಲಿಲ್ಲ.

ಫುಗ್ಗಾದ ಮಾತನ್ನು ಯಾವ ಅಕ್ಷರದಲ್ಲಿ ಬರೆಯುವುದು ಎಂಬುದು ಮುಂದಿನ ಪ್ರಶ್ನೆ. ಹುಡುಗಿಗೆ ಬರುತ್ತಿದ್ದುದು ಮರಾಠಿಯ ಬಾಳಬೋಧ ಲಿಪಿ ಒಂದೇ. ಮಾತು ಕನ್ನಡದ್ದಿರಲಿ, ಅಕ್ಷರ ಬಾಳಬೋಧದ್ದಿರಲಿ ಎಂದೆ ನಾನು. ಭಾವನವರ ಮುಖ ಸಣ್ಣದಾಯಿತು. "ನನ್ನ ಮಾತು ಮಂದಿ ಅಂಗಿ ತೊಟ್ಟು ಬಂದಂಗ ಕಾಣತೈತಿ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆಗಲಿ, ಮೊದಲು ಮನಿಯೊಳಗ ಬರಲಿ," ಎಂದರು.

ಮರುವರ್ಷದ ಮಳೆಗಾಲ ಕಳೆಯುವ ಹೊತ್ತಿಗೆ ಮೊದಲ ಪುಸ್ತಕ ಪೂರ್ತಿ ಚಿತ್ರಕ್ಕಿಳಿಯಿತು. ಹಾಳೆಗಳನ್ನು ಕಂಬಳಿ ಹೊಲಿಯುವ ಸೂಜಿಯಿಂದ ಹೊಲಿದೆ. ಹುಡುಗಿ ಅದನ್ನು ಎತ್ತಿಕೊಂಡು ಹೊರಗೆ ಓಡಿದಳು. ನಮ್ಮದು ನಾಲ್ಕಾರು ಸಂಸಾರ ಇರುವ ವಾಡೆ. ಮಿಕ್ಕವರೆಲ್ಲ ಮರಾಠಿ ಮಂದಿ. ಕಟ್ಟೆಯ ಮೇಲೆ ಆಕೆ ಓದುವುದು, ಸುತ್ತ ಕೂತ ಮಕ್ಕಳಿಗೆ ಮರಾಠಿಯಲ್ಲಿ ಅರ್ಥ ಹೇಳುವುದು ನಡೆಯಿತು. ಗಿಳಿಮೂಗಿನ ಪತ್ತೇದಾರ ವಾಡೆಯ ಹೀರೋ ಆದ. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಭಾವನವರಿಗೆ ಹಿಗ್ಗೋ ಹಿಗ್ಗು.

ಆ ಪುಸ್ತಕದ ಕೊನೆ ಹೀಗಿದೆ. ಚಿಕ್ಕಂದಿನಿಂದ ಅನಾಥನೆಂದು ತಿಳಿದಿದ್ದ ಪತ್ತೇದಾರ ಕೋಟೆಯ ನೆಲಮಾಳಿಗೆಗೆ ಇಳಿಯುತ್ತಾನೆ. ಅಲ್ಲಿ ಸೆರೆಯಲ್ಲಿ ಒಬ್ಬ ಹೆಂಗಸು ಇದ್ದಾಳೆ. ಅವನು "ತಾಯೀ!" ಎಂದು ಕೂಗುತ್ತಾನೆ. ಮಾಲೆಯ ಉಳಿದ ಐದೂ ಪುಸ್ತಕಗಳು ಆ ಒಂದು ಕೂಗಿನ ಮೇಲೆ ನಿಂತಿವೆ. ಅದಕ್ಕೆ ನಾನು ಇಡೀ ಪುಟವನ್ನೇ ಒಂದು ಮನೆ ಮಾಡಿ, ಫುಗ್ಗಾದೊಳಗೆ ಆ ಒಂದೇ ಮಾತನ್ನು ದಪ್ಪಗೆ ಬರೆದಿದ್ದೆ. ಅದನ್ನು ಕಂಡು ಮರಾಠಿ ಮಕ್ಕಳೆಲ್ಲ ಎದ್ದು ನಿಂತು ಕುಣಿದವು: "ತಾಯೀ ಸಾಪಡಲೀ! ತಾಯೀ ಸಾಪಡಲೀ!" ತಾಯಿ ಸಿಕ್ಕಳು ಎಂದು! ಭಾವನವರು ಒಳಗೆ ಬಂದು, "ನೋಡಿದ್ಯಾ? ಮರಾಠಿ ಹುಡುಗರು ನನ್ನ ಕನ್ನಡ ಕಲತವು," ಎಂದು ಅಕ್ಕನಿಗೆ ಹೇಳಿದರು. ಅಂದು ಸಂಜೆ ವಾಡೆಯ ಮಕ್ಕಳಿಗೆಲ್ಲ ಪೇಢೆ ತಂದು ಹಂಚಿದರು.

ದೀಪಾವಳಿಯತನಕ ನಾವೆಲ್ಲ ಹೀಗೆ ಸುಖವಾಗಿದ್ದೆವು. ಹಬ್ಬಕ್ಕೆ ಮುಂಚೆ ನಾನು ಎರಡನೆಯ ಪುಸ್ತಕಕ್ಕೆ ಗೆರೆ ಎಳೆಯುತ್ತ ಕೂತಿದ್ದಾಗ ಹುಡುಗಿ ವಾಡೆಯ ಪರವಾಗಿ ಒಂದು ಬೇಡಿಕೆ ತಂದಳು.

"ಕಾಕು, ಮುಂದಿನ ಭಾಗದಾಗ ಒಂದು ಭಾವೂಬೀಜ ಹಾಕ್ಲೇಬೇಕು. ತಾಯೀ ಅವಂಗ ಆರತಿ ಮಾಡಬೇಕು. ಎಲ್ಲಾರೂ ಹೇಳ್ಯಾರ."

ಭಾವೂಬೀಜವೆಂದರೆ ದೀಪಾವಳಿಯ ಕೊನೆಯ ದಿನ ಆ ಕಡೆಯ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಆರತಿ ಎತ್ತುವ ಹಬ್ಬ. ಕಚೇರಿಯಿಂದ ಆಗ ತಾನೇ ಬಂದ ಭಾವನವರು ಕೋಟಿನ ಒಂದು ತೋಳು ಕಳಚಿದವರು ಹಾಗೇ ನಿಂತರು.

"ಅವ್ವ ಎಲ್ಲೆರ ಮಗನಿಗೆ ಭಾವೂಬೀಜದ ಆರತಿ ಮಾಡತಾಳೇನ?"

"ಅವ್ವ ಯಾರು?" ಎಂದಳು ಹುಡುಗಿ. "ತಾಯೀ ಅಂದ್ರ ಅಕ್ಕ ಅಲ್ಲೇನು?"

ನನ್ನ ಕೈಯಲ್ಲಿದ್ದ ಟಾಕು ಕಾಗದದ ಮೇಲೆ ಬಿತ್ತು. ಮರಾಠಿಯಲ್ಲಿ ತಾಯೀ ಎಂದರೆ ಅಕ್ಕ. ಎದುರು ಮನೆಯ ದೊಡ್ಡ ಹುಡುಗಿಯನ್ನು ವಾಡೆಯ ಮಕ್ಕಳೆಲ್ಲ ಬೆಳಗ್ಗೆಯಿಂದ ಸಂಜೆಯವರೆಗೆ ತಾಯೀ, ತಾಯೀ ಎಂದೇ ಕರೆಯುತ್ತಿದ್ದರು. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ. ತಾಯಿ ಎಂಬುದು ಪುಸ್ತಕದ ಮಾತು, ಪುಸ್ತಕ ಓದದ ಹುಡುಗಿ ಅದನ್ನು ಎಲ್ಲಿ ಕೇಳಬೇಕು? ಅದನ್ನು ನಾನು ಬಾಳಬೋಧದಲ್ಲಿ ಬರೆದು ಕೈಗೆ ಕೊಟ್ಟಿದ್ದೆ. ಸಾಲದ್ದಕ್ಕೆ ಮುಖಕ್ಕೆ ಸುಕ್ಕು ಬರೆದರೆ ಮೀಸೆಯ ಹಾಗೆ ಕಾಣುತ್ತದೆಂದು ಆ ಹೆಂಗಸನ್ನು ಇಪ್ಪತ್ತು ವರ್ಷದವಳ ಹಾಗೆ ನುಣ್ಣಗೆ ಇಟ್ಟಿದ್ದೆ. ಇಷ್ಟು ದಿನ ವಾಡೆ ಕುಣಿದದ್ದು ಅಕ್ಕ ಸಿಕ್ಕಳೆಂದು. ಭಾವನವರು ಪೇಢೆ ಹಂಚಿದ್ದು ಅವ್ವ ಸಿಕ್ಕಳೆಂದು.

ನಾನು ಬಿದ್ದುಬಿದ್ದು ನಕ್ಕೆ. ಅಕ್ಕನಿಗೂ ತಡೆಯಲಾಗಲಿಲ್ಲ. ಭಾವನವರು ನಗಲಿಲ್ಲ. "ಆರು ಪುಸ್ತಕ," ಎಂದರು, "ಎಲ್ಲಾ ಮಗಾ-ಅವ್ವನ ಕಥಿ." ಮಗಳ ಮುಂದೆ ಕೂತು, ಆಕೆ ಅವನ ಹೆತ್ತವ್ವ ಎಂದು ಸಮಾಧಾನವಾಗಿ ತಿಳಿಸಿ ಹೇಳಿದರು.

ಹುಡುಗಿ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ವಾಡೆಗೆಲ್ಲ ಅರ್ಥ ಹೇಳಿದವಳು ತಾನು. ಈಗ ತಪ್ಪೆಂದು ಹೇಳಿದರೆ ಮರ್ಯಾದೆ ಏನಾಗಬೇಕು? "ನೀವೂ ಕಾಕೂ ಕೂಡಿ ಈಗ ಕಥಿ ಬದಲ ಮಾಡಾಕ್ಹತ್ತೀರಿ," ಎಂದಳು. ಭಾವನವರು ಅಚ್ಚಾದ ಕನ್ನಡ ಪುಸ್ತಕ ತಂದು ಆ ಪುಟ ತೆರೆದರು. "ಬಾ ಇಲ್ಲಿ, ಬರೋಬರ್ ಓದಿ ತೋರಸ್ತೀನಿ."

"ನೀವು ಓದಿದ್ರ ನಿಮಗ ಬೇಕಾದ್ದು ಓದ್ತೀರಿ. ನನಗೇನು ಗೊತ್ತಾಗತೈತಿ?" ಎಂದು ಪುಸ್ತಕ ಕಸಿದುಕೊಂಡು ಅದನ್ನು ದಿಟ್ಟಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ತಾಯೀ ಅನ್ನೂದನ್ನ ಈ ಅಕ್ಷರದಾಗ ಹೆಂಗ ಬರೀತಾರ? ಖರೇ ಹೇಳು," ಎಂದಳು.

ಬರೆದು ತೋರಿಸಿದೆ: ತಾ, ಯೀ. ಆಕೆ ಕಲಿತ ಮೊದಲ ಕನ್ನಡ ಅಕ್ಷರಗಳು ಇವೇ, ಅ ಅಲ್ಲ, ಆ ಅಲ್ಲ. ಆ ಎರಡನ್ನು ಹಿಡಿದುಕೊಂಡು ಪತ್ತೇದಾರನ ಹಾಗೆಯೇ ಪುಟದ ಮೇಲೆ ಬೆರಳಾಡಿಸುತ್ತ ಹುಡುಕಿದಳು. ಸಿಕ್ಕಿತು. ಕೂಡಲೇ ಗೆದ್ದವಳಂತೆ ಕೂಗಿದಳು: "ನೋಡ್ರಿ! ಇಲ್ಲೂ ತಾಯೀನ ಐತಿ! ಅವ್ವ ಅಂತ ಎಲ್ಲಿ ಐತಿ?"

ನ್ಯಾಯ ಅವಳ ಕಡೆಯೇ ಇತ್ತು. ಆ ಒಂದು ಮಾತು ಯಾವ ಲಿಪಿಯಲ್ಲಿದ್ದರೂ ಅಷ್ಟೇ. ಆಕೆ ಅವ್ವನೋ ಅಕ್ಕನೋ ತಿಳಿಯಬೇಕಾದರೆ ಆಚೀಚೆಯ ಸಾಲುಗಳನ್ನು ಓದಬೇಕು. ಅದು ಅವಳಿಗೂ ಹೊಳೆಯಿತು. "ಇದರ ಮುಂದಿನ ಅಕ್ಷರ ಯಾವುದು?" ಎಂದು ಕೇಳಿದಳು. ಭಾವನವರು ಬಾಯಿ ತೆರೆದರು. ಅಕ್ಕ ಅವರ ತೋಳು ಹಿಡಿದು ಹಿಂದಕ್ಕೆಳೆದಳು. ಅವರು ಕಲಿಸಲು ಕೂತರೆ ವ್ಯಾಕರಣಕ್ಕೇ ಹೋಗುವವರು ಎಂದು ಆಕೆಗೆ ಗೊತ್ತಿತ್ತು. ಕಲಿಸಿದ್ದು ನಾನು, ರೊಟ್ಟಿ ಬಡಿಯುತ್ತ, ಹಿಟ್ಟಿನ ಮೇಲೆ ಬೆರಳಿಂದ ಬರೆದು.

ಚಳಿಗಾಲವೆಲ್ಲ ಕೋರ್ಟಿನ ದಾವೆಯ ಹಾಗೆ ಈ ಖಟ್ಲೆ ನಡೆಯಿತು. ಒತ್ತಕ್ಷರ ಬಂದಾಗ ಅಕ್ಷರಕ್ಕೆ ಮರಿ ಹುಟ್ಟಿದೆ ಎಂದಳು. ಳ, ಣ ಮರಾಠಿಯಲ್ಲೂ ಇವೆ ಎಂದು ಅವುಗಳೊಡನೆ ಬೇಗ ದೋಸ್ತಿ ಮಾಡಿಕೊಂಡಳು. ವಾಡೆಯ ಮಕ್ಕಳು ದಿನಾ ಬಂದು ತೀರ್ಪು ಏನಾಯಿತೆಂದು ಕೇಳಿಹೋಗುತ್ತಿದ್ದವು. ಭಾವನವರು ಮಾತ್ರ ಬರೆಯುವುದನ್ನೇ ಬಿಟ್ಟಿದ್ದರು. ಏಳನೆಯ ಪುಸ್ತಕ ಅರ್ಧಕ್ಕೆ ನಿಂತಿತ್ತು. ಡೆಸ್ಕಿನ ಮುಂದೆ ಕೂತು ಅಡುಗೆಮನೆಯ ಕಡೆಗೇ ಕಿವಿ ಇಟ್ಟಿರುತ್ತಿದ್ದರು.

ಎಳ್ಳು ಬೆಲ್ಲ ಹಂಚಿ ಕೆಲವು ದಿನ ಕಳೆದಿದ್ದವು. ಒಂದು ಭಾನುವಾರ ಬೆಳಗ್ಗೆ ಆಕೆ ಪುಸ್ತಕ ತೆಗೆದುಕೊಂಡು ಪಡಸಾಲೆಯ ತೂಗುಮಣೆಯ ಮೇಲೆ ಕೂತು ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದಳು. ಭಾವನವರು ಒಳಗೆ ಕೂರಲಾರದೆ ಅಂಗಳಕ್ಕೆ ಹೋಗಿ, ಒಣಗಿದ್ದ ಧೋತರವನ್ನು ಮತ್ತೆ ಮತ್ತೆ ಮಡಚುತ್ತ ನಿಂತರು. ಅವಳು ತಪ್ಪಿದಲ್ಲೆಲ್ಲ ಅವರ ತುಟಿ ಅಲುಗುತ್ತಿತ್ತು. "'ತಾಯೀ!' ಎಂದು ಅ-ವನು ಕೂ-ಗಿದನು. 'ನನ್ನನ್ನು ಹೆ... ಹೆತ್ತ... ಹೆತ್ತವಳೇ!'" ಅಲ್ಲಿಗೆ ನಿಂತಳು. ತೂಗುಮಣೆಯೂ ನಿಂತಿತು.

"ಅವ್ವನ!" ಎಂದು ಚೀರಿದಳು. "ಏ, ಅವ್ವನಾ ಆಕಿ!" ಪುಸ್ತಕವನ್ನು ಅಲ್ಲೇ ಒಗೆದು, ತೀರ್ಪು ಹೇಳಲು ವಾಡೆಯ ಮಕ್ಕಳ ಹತ್ತಿರ ಓಡಿದಳು. ಸೋತೆ ಎಂಬುದು ಅವಳ ನೆನಪಿನಲ್ಲೇ ಇದ್ದಂತೆ ಕಾಣಲಿಲ್ಲ; ಕಂಡುಹಿಡಿದವಳು ತಾನಲ್ಲವೇ!

ಭಾವನವರು ಒಳಗೆ ಬಂದು ನೆಲದ ಮೇಲೆ ಬಿದ್ದಿದ್ದ ಪುಸ್ತಕ ಎತ್ತಿ, ಮಡಚಿದ್ದ ಪುಟ ಸರಿಮಾಡಿ, ಕಪಾಟಿನಲ್ಲಿಟ್ಟರು. "ಆತು ಬಿಡವಾ," ಎಂದರು ನನಗೆ. "ಒಂದು ಪುಟ ಓದಿದಳಲ್ಲ. ಅದಕ್ಕ ಪುಣ್ಯಾ ಮಾಡಿರಬೇಕು." ನಗುತ್ತಲೇ ಹೇಳಿದರು. ನನಗೆ ಮಾತ್ರ ಅಳು ಬಂದಹಾಗಾಯಿತು. ಖಟ್ಲೆ ತೀರಿತ್ತು, ಇನ್ನು ಆ ಪುಸ್ತಕ ಮುಟ್ಟಲು ಹುಡುಗಿಗೆ ಕಾರಣವೇ ಉಳಿದಿರಲಿಲ್ಲ. ಮೊದಲ ದಿನವೇ ಚಿತ್ರದ ಆ ಮುದುಕಿಗೆ ಎರಡು ಬಿಳಿ ಕೂದಲು ಬಿಟ್ಟು, ಎರಡು ಸುಕ್ಕು ಹಾಕಿದ್ದರೆ ಇಷ್ಟು ಓದುವುದೂ ಆಗುತ್ತಿರಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಊಟದ ಹೊತ್ತಿಗೆ ಮುಂಚೆ ಆಕೆ ಬೆವರು ಸುರಿಸಿಕೊಂಡು ಬಂದಳು.

"ಪುಸ್ತಕ ಎಲ್ಲೈತಿ?"

"ಯಾಕ?" ಎಂದರು ಭಾವನವರು. "ಗೊತ್ತಾತಲ್ಲ, ಅವ್ವ ಅಂತ."

"ಅವ್ವ ಖರೆ. ಆದ್ರ ಆಕಿ ಮಗನ್ನ ಬಿಟ್ಟು ಆ ಕೋಟ್ಯಾಗ ಹೆಂಗ ಬಂದ್ಲು? ಅಕ್ಕ ಇದ್ರ ಒಂದು ಮಾತು. ಅವ್ವ ಹೆಂಗ ಬಿಟ್ಲು? ಕಾಕು ಚಿತ್ರದಾಗ ಅದನ್ನ ಹಾಕೇ ಇಲ್ಲ."

ಭಾವನವರು ಕಪಾಟಿನ ಬಾಗಿಲು ತೆಗೆದುಕೊಟ್ಟರು. ಆಕೆ ಪುಸ್ತಕ ತೆಗೆದುಕೊಂಡು ಈ ಸಲ ಮೊದಲ ಪುಟ ಬಿಡಿಸಿದಳು. ಅಡುಗೆಮನೆಗೆ ಆಕೆಯ ದನಿ ಕೇಳತೊಡಗಿತು, ಎಡವುತ್ತ, ನಿಲ್ಲುತ್ತ, ಮತ್ತೆ ಏಳುತ್ತ. ಅಕ್ಕ ರೊಟ್ಟಿ ಬೇಯಿಸುತ್ತಿದ್ದಳು, ನಾನು ಬಡಿಯುತ್ತಿದ್ದೆ, ಭಾವನವರು ಹೊಸ್ತಿಲ ಹತ್ತಿರ ತಾಟಿನ ಮುಂದೆ ಕೂತಿದ್ದರು. ಸ್ವಲ್ಪ ಹೊತ್ತಿಗೆ ದನಿ ಸಣ್ಣದಾಯಿತು. ಆಮೇಲೆ ನಿಂತೇ ಹೋಯಿತು.

ಭಾವನವರ ಕೈಯಲ್ಲಿನ ತುತ್ತು ಅಲ್ಲೇ ಉಳಿಯಿತು. "ಬಿಟ್ಟಳು," ಎಂದರು. ಎದ್ದು ಬಾಗಿಲಿಗೆ ಹೋಗಿ ಇಣುಕಿ ನೋಡಿದರು. ಬಹಳ ಹೊತ್ತಾದರೂ ತಿರುಗಿ ಬರಲಿಲ್ಲ. ನಾವಿಬ್ಬರೂ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಅವರ ಹಿಂದೆ ನಿಂತೆವು.

ಹುಡುಗಿ ಬಿಟ್ಟಿರಲಿಲ್ಲ. ತೂಗುಮಣೆಯ ಮೇಲೆ ಕಾಲು ಮಡಚಿ ಕೂತು, ಪುಸ್ತಕದೊಳಗೆ ಮುಖ ಇಟ್ಟಿದ್ದಳು. ತುಟಿ ಮಾತ್ರ ಆಡುತ್ತಿತ್ತು. ಗಟ್ಟಿಯಾಗಿ ಓದುವುದನ್ನು ಮರೆತಿದ್ದಳು, ನಮ್ಮನ್ನೂ ಮರೆತಿದ್ದಳು. ಅಕ್ಕ ಊಟಕ್ಕೆ ಕರೆಯಲೆಂದು ಬಾಯಿ ತೆರೆದಳು. ಭಾವನವರು ಕೈ ಅಡ್ಡ ಹಿಡಿದರು.

"ಕರೀಬ್ಯಾಡ."

"ರೊಟ್ಟಿ ಆರತಾವಲ್ರೀ."

"ಆರಲಿ," ಎಂದರು. ನಾವು ಮೂವರೂ ಬಾಗಿಲಲ್ಲೇ ನಿಂತಿದ್ದೆವು. ಅವಳು ಬೆರಳಿಗೆ ಉಗುಳು ಹಚ್ಚಿಕೊಂಡು ಪುಟ ತಿರುವಿದಳು.